ನೀಲವ್ವತ್ತೆಯ ಲೋಟ

ನೀಲವ್ವತ್ತೆಗೆ ಬೆಳ್ಳಿ ಲೋಟದಲ್ಲಿ ಚಹಾ ಕೊಟ್ಟರೂ ಹಿತ್ತಲಿಗೆ ಒಯ್ದು, ಗೋಡೆಯ ಗೂಡಿನಲ್ಲಿದ್ದ ನೆಗ್ಗಿದ ಅಲ್ಯುಮಿನಿಯಂ ಲೋಟಕ್ಕೆ ಸುರಿದುಕೊಂಡೇ ಕುಡಿಯುತ್ತಿದ್ದಳು. ಅದು ನಾಗನೂರಿನ ನಮ್ಮ ಮನೆಯ ಆಳುಗಳ ಲೋಟ. ಅವರು ಕುಡಿದು, ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗಬೇಕು. ದಿನಾ ಲಿಂಗಪೂಜೆ ಮುಗಿಸಿ ಎಲ್ಲರೂ ಶಿವನ ಮಕ್ಕಳೆನ್ನುತ್ತಿದ್ದ ಅಜ್ಜನೇ ಮಾಡಿಟ್ಟ ಕಟ್ಟಳೆ ಅದು.

ಅತ್ತೆ ನನ್ನ ಅಪ್ಪನ ತಂಗಿ. ಗೋಕಾಕದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅವಳಿಗೂ ಯಲ್ಲಪ್ಪನಿಗೂ ಪ್ರೀತಿಯಾಗಿತ್ತು. ಅವನ ತಾಯಿ ದುರಗವ್ವ ನಮ್ಮ ಕಬ್ಬಿನ ಹೊಲದ ಆಳು. ಮಿಲಿಟರಿ ಸೇರಿದವನು ರಜೆಗೆ ಬಂದಾಗ ಧೈರ್ಯ ಮಾಡಿ ಹೆಣ್ಣು ಕೇಳಿದ. ಅಜ್ಜ ಬೈಯಲಿಲ್ಲ. ಹಿತ್ತಲಲ್ಲಿ ಕೂರಿಸಿ ಚಹಾ ಕೊಡಿಸಿದ. "ಮಿಲ್ಟ್ರಿಗೆ ಹೋದ್ರೇನಾತಪಾ, ನಿನ್ನ ಲೋಟಾ ಇನ್ನೂ ಹೊರಗ ಐತಿ" ಎಂದ.

ಆ ಬೇಸಿಗೆಯಲ್ಲೇ ಕಾರ್ಗಿಲ್ ಯುದ್ಧ ಶುರುವಾಯಿತು. ಅತ್ತೆ ಟಿವಿ ಮುಂದಿನಿಂದ ಏಳಲಿಲ್ಲ. ಕೊನೆಗೆ ಯಲ್ಲಪ್ಪ ಪೆಟ್ಟಿಗೆಯಲ್ಲಿ ಬಂದ. ಅತ್ತೆಯನ್ನು ಕೋಣೆಗೆ ಹಾಕಿ ಚಿಲಕ ಜಡಿದ ಅಜ್ಜ, ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆದ. "ಯಲ್ಲಪ್ಪ ನಮ್ಮನಿ ಮಗಾ ಇದ್ದಂಗ" ಎಂದು ಭಾಷಣ ಬೇರೆ. ಅವನ ಫೋಟೊ ನಮ್ಮ ಪಡಸಾಲೆ ಸೇರಿತು. ಫೋಟೊಕ್ಕೆ ಮೈಲಿಗೆಯಿಲ್ಲ ನೋಡಿ!

ಮಣ್ಣಾದ ಮರುದಿನ ಅಜ್ಜ ದುರಗವ್ವನನ್ನು ಕರೆಸಿ ಶಾಲು ಹೊದಿಸಿದ. ಆಮೇಲೆ ಹಿತ್ತಲಲ್ಲಿ ಚಹಾ, ಅದೇ ಲೋಟದಲ್ಲಿ. ಕೋಣೆಯಿಂದ ಆಗಷ್ಟೇ ಬಿಡಿಸಿಕೊಂಡಿದ್ದ ನೀಲವ್ವತ್ತೆ ಬಂದು ಕೈಚಾಚಿದಳು. "ಅತ್ತೀ, ಅದು ನನಗ ಕೊಡ್ರಿ. ನೀವು ಒಳಗಿಂದು ತಗೋರಿ." ಆಳನ್ನು ಅತ್ತೆ ಎಂದಳು, ಅದೂ ಮನೆಮಂದಿಯೆಲ್ಲರ ಎದುರಿಗೆ. ದುರಗವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಮುಂದೆ ಹುಕ್ಕೇರಿಯವರು ಹೆಣ್ಣು ನೋಡಲು ಬಂದರು. ಅತ್ತೆ ಎಲ್ಲರಿಗೂ ಚಹಾ ಕೊಟ್ಟು, ತಾನು ಆ ಲೋಟ ಹಿಡಿದು ಎದುರಿಗೇ ಕೂತಳು. ವರನ ತಾಯಿ, "ಇದ್ಯಾವ ಲೋಟಾನವಾ?" ಎಂದಳು.

"ನಮ್ಮ ಮನಿಯವರದ್ರಿ" ಎಂದಳು ಅತ್ತೆ, ಫೋಟೊ ನೋಡುತ್ತ.

ಬಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮತ್ತೆ ಯಾರೂ ಬರಲಿಲ್ಲ.

ಹೋದ ವರ್ಷ ಮೂಡಲಗಿಯ ದವಾಖಾನೆಯಲ್ಲಿ ನನ್ನ ಕೈ ಹಿಡಿದು ಹೇಳಿದಳು: "ಲೋಟಾ ನನ್ನ ಜೋಡಿ ಕುಣ್ಯಾಗ ಇಡವಾ. ಮತ್ತೇನೂ ಬ್ಯಾಡ." ಅದೇ ಕೊನೆಯ ಮಾತು.

ಒಯ್ದೆ. ಅತ್ತೆಯನ್ನು ಮಣ್ಣು ಮಾಡುವಾಗ ಕುಣಿಯ ಅಂಚಿನಲ್ಲೇ ಅಪ್ಪ ಅದನ್ನು ಕಸಿದುಕೊಂಡ. "ಹುಚ್ಚೀ, ಆಳಿನ ಎಂಜಲಾ ನಮ್ಮ ಕುಣ್ಯಾಗ ಇಡತಿಯೇನ?" ಎಷ್ಟು ಜಗಳಾಡಿದರೂ ಬಗ್ಗಲಿಲ್ಲ. ಬೆಳ್ಳಿ ಲೋಟ ಇಟ್ಟು ಮಣ್ಣು ಮುಚ್ಚಿಸಿದ.

ಸಂಜೆ ಕುಣಿ ತೋಡಿದವನು ಹಿತ್ತಲಿಗೆ ಬಂದ. ಅವ್ವ ಅದೇ ನೆಗ್ಗಿದ ಲೋಟದಲ್ಲಿ ಚಹಾ ಕೊಟ್ಟಳು. ಅವನು ಕುಡಿದು, ಆ ಲೋಟವನ್ನು ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋದ.