ಹಾಸಿಗೆ ಬಟ್ಟೆಯ ಮೇಲಿನ ಬಾವಿ

"ಬಟ್ಟೆ ಎಷ್ಟಿದೆಯೋ ನಾನು ಬರೆಯೋ ಊರು ಅಷ್ಟೇ ಕಣಮ್ಮ. ಹಾಸಿಗೆ ಕತ್ತರಿಸಿ ಉಳಿದ ತುಂಡು ತಾನೇ, ಬೇಕಾದಷ್ಟು ಉದ್ದ ನನಗೆ ಯಾರು ಕೊಡ್ತಾರೆ? ಬಟ್ಟೆಯಲ್ಲಿ ಮೊದಲೇ ಗೀರು ಇರುತ್ತಲ್ಲ, ಅದನ್ನೇ ಉತ್ತ ಹೊಲ ಅಂದ್ಕೊಂಡುಬಿಡ್ತೀನಿ. ಅರ್ಧ ಕೆಲಸ ಆದ ಹಾಗೆ. ಆಮೇಲೆ ಮನೆ, ಮನೆ ಮುಂದೆ ಅಪ್ಪ, ಅಪ್ಪನ ಹಿಂದೆ ನಾಯಿ. ಒಂದ್ಸಲ ಬಟ್ಟೆ ಮುಗಿದುಹೋಗಿ ಹಸುವಿಗೆ ಹಿಂಗಾಲೇ ಇಲ್ಲ! ಕೆಳಗಿನ ಮನೆಯಾಕೆ 'ನಿಮ್ಮೂರ ಹಸು ಕುಂಟೇನಕ್ಕ' ಅಂತ ನಕ್ಕಳು. ನಗಲಿ ಬಿಡು. ಜಾಗ ಸಾಲದಿದ್ರೆ ಬಿಟ್ಟುಬಿಡ್ತೀನಿ, ಆದ್ರೆ ಒಂದನ್ನೂ ಜರುಗಿಸಲ್ಲ. ದೊಡ್ಡ ಮರ ಎರಡು ಮಾರು ಈಚೆ ಬಂತು ಅಂದ್ರೆ ಅದು ಯಾರದ್ದೋ ಊರು, ನನ್ನದಲ್ಲ."

ಚಿತ್ರ ಒಯ್ಯಲು ಬಂದ ಆಸ್ಪತ್ರೆಯ ದಾದಿಗೆ ಹಾಸಿಗೆ ಅಕ್ಕ ಹೇಳಿದ ಮಾತು ಇದು. ಹಾಸಿಗೆ ಹೊಲಿಯುವುದು ಅವಳ ಕಸುಬು. ಮಹಡಿಯ ಮೇಲಿನ ಒಂದೇ ಕೋಣೆ; ಅದರಲ್ಲೇ ಹತ್ತಿ ಬಿಡಿಸಬೇಕು, ತುಂಬಬೇಕು, ದಬ್ಬಣ ಹಿಡಿದು ಮೂಲೆ ಹೊಲಿಯಬೇಕು. ಹುಬ್ಬಿನ ಮೇಲೂ ಹತ್ತಿಯ ಎಳೆ. "ಅಕ್ಕನಿಗೆ ಯಾವಾಗ ವಯಸ್ಸಾಯ್ತೋ ಗೊತ್ತೇ ಆಗಲಿಲ್ಲ, ಮೊದಲಿಂದಲೂ ಬಿಳಿಯೇ" ಎಂದು ನೆರೆಯವರ ತಮಾಷೆ. ಗಂಡ ತೀರಿಹೋಗಿ ಕೈಗೆ ಕೆಲಸವೂ ಇಲ್ಲದ ಒಂದು ವರ್ಷ, ಗೋಡೆಗೆ ಬಳಿದು ಉಳಿದ ನೀಲಿ ಬಣ್ಣದ ಡಬ್ಬಿಯಲ್ಲಿ ಕಡ್ಡಿಗೆ ಸುತ್ತಿದ ಹತ್ತಿ ಅದ್ದಿ ಚಿಂದಿಯ ಮೇಲೆ ತವರೂರಿನ ಒಂದು ಹಟ್ಟಿ ಬರೆದಳು. ಕಲಿಸಿದವರು ಯಾರೂ ಇಲ್ಲ. ಅಂದಿನಿಂದ ಕೈ ನಿಂತಿಲ್ಲ.

ಆ ದಾದಿ ಒಯ್ದ ಚಿತ್ರವನ್ನು ಆಸ್ಪತ್ರೆಯ ಮೊಗಸಾಲೆಯಲ್ಲಿ ತೂಗುಹಾಕಿದರು. ಗ್ರಹಚಾರ ಶುರುವಾದದ್ದು ಅಲ್ಲಿಂದ.

ಒಂದು ಬೆಳಗ್ಗೆ ಅವಳು ಅಂಗಳದ ನಲ್ಲಿಯ ಸಾಲಿನಲ್ಲಿ ಬಿಂದಿಗೆ ಇಟ್ಟು ಮೇಲೆ ಬಂದಿದ್ದಳಷ್ಟೆ, ಊರಿನಿಂದ ತಮ್ಮ ಬಂದ. ಕೊಟ್ಟ ಚಹಾ ಮುಟ್ಟಲಿಲ್ಲ.

"ದೊಡ್ಡಪ್ಪನ ಮಗ ನಿನ್ನ ಚಿತ್ರ ನೋಡಿದ್ದಾನೆ," ಎಂದ. "ಕಣ್ಣು ಕಾಣಲ್ಲ ಅಂತ ಆಸ್ಪತ್ರೆಗೆ ತೋರಿಸೋಕೆ ಹೋದವನಿಗೆ ಅದೊಂದು ಕಾಣಬೇಕಾ! ಅದರಲ್ಲಿ ಬಾವಿ ನಮ್ಮೆರಡು ಮನೆ ನಡುವಿನ ಬೇಲಿಯಿಂದ ಆಚೆಗಿದೆಯಂತೆ. ಅವರ ಕಡೆ."

ಅಕ್ಕನ ದಬ್ಬಣ ನಿಂತಿತು. ಬೇಲಿ ಕೊಳೆತು ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಬಾವಿ ಯಾರದೆಂದು ಬಲ್ಲ ಹಿರಿಯರೂ ಮಣ್ಣಾಗಿದ್ದರು. ತಮ್ಮ ತನ್ನದೇ ಎಂದುಕೊಂಡು ಪಂಪು ಕೂರಿಸಿ ತರಕಾರಿ ಬೆಳೆಯುತ್ತಿದ್ದ. ಮನೆ ನಡೆಯುತ್ತಿದ್ದುದೇ ಅದರಿಂದ.

"ಮಾತಿಗೆ ಮಾತು ಬೆಳೆದು ನಾನೇ ಅಂದುಬಿಟ್ಟೆ, ಅಕ್ಕ ಹೇಳಿದ್ದೇ ಕೊನೆ ಅಂತ. ಈಗ ಅವನೂ ಬರ್ತಿದ್ದಾನೆ. ಬಟ್ಟೆ ಸಾಲಲಿಲ್ಲ, ಅದಕ್ಕೇ ಬಾವೀನ ಆ ಕಡೆ ತಳ್ಳಿದೆ ಅನ್ನು. ಮುಗೀತು. ನಿನ್ನ ಬಟ್ಟೆ ಸಾಲಲ್ಲ ಅನ್ನೋದು ಊರಿಗೇ ಗೊತ್ತು."

"ಸುಳ್ಳು ಹೇಳು ಅಂತೀಯಾ?"

"ಚಿತ್ರ ಏನು ದೇವರ ವಾಕ್ಯವಾ ಅಕ್ಕಾ? ನಾನು ಮುಳುಗಿದ್ರೆ ನೀನು ತವರು ಅಂತ ಯಾರ ಮನೆಗೆ ಬರ್ತೀಯ?"

ಹೊಲಿದಿಟ್ಟ ಸುಳ್ಳು, ಹೊದ್ದುಕೊಂಡರೆ ಸಾಕಿತ್ತು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಅವನ ಕಾಲರಿನ ಅಂಚು ಸವೆದು ನೂಲು ಬಿಟ್ಟಿದ್ದು ಅವಳ ಕಣ್ಣಿಗೆ ಬಿತ್ತು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು.

ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ದೊಡ್ಡಪ್ಪನ ಮಗ ಚಿತ್ರವನ್ನೇ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದಿದ್ದ. "ದಾದಿಯನ್ನ ಕೇಳಿ ತಂದಿದ್ದೀನಿ. ಸಂಜೆಯೊಳಗೆ ವಾಪಸ್ ಕೊಡ್ಬೇಕು," ಎನ್ನುತ್ತ, ಅರ್ಧ ತುಂಬಿದ ಹಾಸಿಗೆಯ ಮೇಲೆ ಅದನ್ನು ಹರಡಿದ. "ತಂಗೀ, ನಾನು ಜಗಳಕ್ಕೆ ಬಂದಿಲ್ಲ. ಇದ್ದದ್ದು ಹೇಳು."

"ಬಟ್ಟೆ ಸಾಲಲಿಲ್ಲ, ಅಲ್ವೇನಕ್ಕಾ?" ತಮ್ಮ ಮುಂದೆ ಬಾಗಿದ.

ಅವಳು ನೋಡಿದಳು. ಎರಡೂ ಅಂಚಿನವರೆಗೆ ಬಣ್ಣ ತುಂಬಿತ್ತು. ಸಾಲಲಿಲ್ಲ ಎಂದರೆ ಯಾರೂ ಅಲ್ಲಗಳೆಯುವ ಹಾಗಿರಲಿಲ್ಲ. ನಡುವೆ ಬೇಲಿ. ಆಚೆ ಬಾವಿಕಟ್ಟೆಯ ಪಕ್ಕ ದೊಡ್ಡಮ್ಮ, ತುಂಬಿದ ಕೊಡವನ್ನು ಬೇಲಿಯ ಮೇಲಿಂದ ನೀಡುತ್ತಿದ್ದಾಳೆ. ಈಚೆ ಎರಡು ಕೈ ಚಾಚಿ ನಿಂತವಳು ಅಮ್ಮ. ಅಮ್ಮ ಬೇಗ ತೀರಿಹೋದಳು. ಅಮ್ಮ ಎಂದು ಅಕ್ಕನಿಗೆ ನೆನಪಿದ್ದದ್ದು ಅದೊಂದೇ ನಿಲುವು, ಆ ಚಾಚಿದ ಕೈ. ಬಾವಿ ಈಚೆ ಬಂದರೆ ಅಮ್ಮ ಬೇಲಿಯ ಹತ್ತಿರ ಏಕೆ ನಿಲ್ಲುತ್ತಾಳೆ?

"ಬಟ್ಟೆ ಸಾಕಾಗಿತ್ತು," ಎಂದಳು ಅಕ್ಕ.

ತಮ್ಮ ಎದ್ದ. "ಹಾಗಾದ್ರೆ ನಿನ್ನ ತವರು ಈ ಚಿಂದಿಯಲ್ಲೇ ಇರ್ಲಿ." ಚೀಲ ಎತ್ತಿಕೊಂಡು ದಡದಡನೆ ಇಳಿದುಹೋದ.

ದೊಡ್ಡಪ್ಪನ ಮಗ ಗೆದ್ದವನ ಹಾಗೆ ಕಾಣಲಿಲ್ಲ. ಕನ್ನಡಕ ಏರಿಸಿ ಬಟ್ಟೆಯ ಮೇಲೆ ಬಾಗಿದ. "ಇದು ನಮ್ಮಮ್ಮನಾ? ಎಡಗೈಯಲ್ಲಿ ಕೊಡ್ತಿದ್ದಾಳಲ್ಲ."

"ದೊಡ್ಡಮ್ಮನಿಗೆ ಬಲಗೈ ಮೇಲೆ ಏಳ್ತಿರಲಿಲ್ಲವಲ್ಲ ಅಣ್ಣ. ನೋವು. ಆದ್ರೂ ಒಂದು ದಿನವೂ ನಮ್ಮನೆಗೆ ಕೊಡ ತಪ್ಪಿಸಲಿಲ್ಲ."

ಅವನು ಚಿತ್ರದ ಆ ಎಡಗೈ ಮೇಲೆ ಬೆರಳಾಡಿಸಿದ. ಆಮೇಲೆ ಸುರುಳಿ ಸುತ್ತಿಕೊಂಡ. ಬಾವಿ ಬಿಡಿ ಎಂಬ ಮಾತಿಲ್ಲ, ಪಂಪು ಕೀಳಿ ಎಂಬ ಮಾತಿಲ್ಲ. "ಬರ್ತೀನಿ ತಂಗೀ," ಎಂದು ಗೋಡೆ ಹಿಡಿದು ಇಳಿದ.

ಅಂಗಳದಲ್ಲಿ ನಲ್ಲಿ ಸುಯ್ಗುಟ್ಟಿತು. ನೀರು ಯಾರಿಗೂ ಕಾಯುವುದಿಲ್ಲ. ಅಕ್ಕ ಸೆರಗಿನ ಹತ್ತಿ ಕೊಡವಿ, ಇನ್ನೊಂದು ಬಿಂದಿಗೆ ಹಿಡಿದು ಕೆಳಗೆ ಬಂದಳು. ತಮ್ಮ ಹೋಗಿರಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೀದಿಯ ಕಡೆ ಮುಖ ಮಾಡಿ ಕೂತಿದ್ದ.

ಕೆಳಗಿನ ಮನೆಯಾಕೆ ಅಕ್ಕನ ಬಿಂದಿಗೆಯನ್ನು ಕಾಲಿನಿಂದ ಸರಿಸಿ ತನ್ನದನ್ನು ಮುಂದೆ ಇಡುತ್ತಿದ್ದಳು. "ತಡವಾಗಿ ಬಂದ್ರೆ ಹೀಗೇ ಅಕ್ಕಾ, ನಂದೇ ಮೊದಲು."

"ಅವಳ ಬಿಂದಿಗೆ ಅಲ್ಲೇ ಇತ್ತು," ಎಂದ ತಮ್ಮ, ತಲೆ ತಿರುಗಿಸದೆ. "ಬೆಳಗ್ಗೆ ಬರ್ತಾ ನಾನೇ ಅದನ್ನ ದಾಟಿ ಬಂದಿದ್ದೀನಿ. ಜರುಗಿಸ್ಬೇಡಿ."

ಆಕೆ ಗೊಣಗುತ್ತ ಹಿಂದೆ ಸರಿದಳು. ಅಕ್ಕ ಸೋರುವ ನಲ್ಲಿಯ ಬಾಯಿಗೆ ಚಿಂದಿ ಸುತ್ತಿ ಬಿಗಿದು, ಬಿಂದಿಗೆಯನ್ನು ಒಮ್ಮೆ ಗಲಬರಿಸಿ ಚೆಲ್ಲಿ, ನೀರು ಹಿಡಿದಳು.