ಎಮ್ಮೆಗೆ ಹೇಳಿದ ಕುದುರೆಯ ಪಾಠ

ಸರ್ವಿಸ್ಸಿಗೆ ಸೇರಿದಾಗಿನಿಂದ ಕುದುರೆಯ ಪಾಠ ಹೇಳುತ್ತಾ ಬಂದಿದ್ದೇನೆ, ಆದರೆ ಇವತ್ತಿಗೂ ಒಂದು ಕುದುರೆಯ ಬೆನ್ನ ಮೇಲೆ ಕೈಯಿಟ್ಟವನಲ್ಲ. ಹುನಗುಂದದ ಹೈಸ್ಕೂಲಿನಲ್ಲಿ ಸಮಾಜ ಕಲಿಸುವ ಮಾಸ್ತರ ನಾನು. ಜೂನ್ ತಿಂಗಳಲ್ಲಿ ನನ್ನ ಆದಿಮಾನವ ಬೆಂಕಿ ಹೊತ್ತಿಸುತ್ತಾನೆ. ಜುಲೈ ಮುಗಿಯುವುದರೊಳಗೆ ನಾಯಿ, ಕುರಿ, ಆಕಳುಗಳನ್ನೆಲ್ಲ ಪಳಗಿಸಿ ಕುದುರೆ ಹತ್ತಿ ಕೂತಿರುತ್ತಾನೆ. ಆ ಕುದುರೆಯನ್ನು ನಾನು ಬೋರ್ಡಿನ ಮೇಲೆ ಬಹಳ ಹುರುಪಿನಿಂದ ಬರೆಯುತ್ತೇನೆ. ಹಿಂದಿನ ಬೆಂಚಿನಿಂದ ಯಾರಾದರೊಬ್ಬರು, "ಸರ್, ಕತ್ತಿ ಕಿವಿ ಇನ್ನೂ ಉದ್ದ ಇರ್ತಾವ್ರಿ" ಎಂದು ತಿದ್ದುತ್ತಾರೆ. ಕಲಾವಿದನ ಬಾಳೇ ಇಷ್ಟು.

ಒಂದು ವರ್ಷ ಹುಡುಗಿಯೊಬ್ಬಳು ಎದ್ದುನಿಂತು, "ಸರ್, ಎಮ್ಮಿನ ಯಾರು ಪಳಗಿಸಿದ್ರಿ?" ಎಂದು ಕೇಳಿದಳು. ಪುಸ್ತಕದಲ್ಲಿ ಎಮ್ಮೆಯ ಹೆಸರೇ ಇರಲಿಲ್ಲ. "ಅದು ಪರೀಕ್ಷಾಕ್ಕ ಬರೂದಿಲ್ಲ, ಕೂಡ್ರವಾ" ಎಂದೆ. ಮಾಸ್ತರರ ಬತ್ತಳಿಕೆಯಲ್ಲಿ ಇದಕ್ಕಿಂತ ದೊಡ್ಡ ಬಾಣವಿಲ್ಲ.

ಆದರೆ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬಂತು. ಕುದುರೆಯ ಅದೃಷ್ಟ ನೋಡಿ. ಎಲ್ಲಿಯದೋ ದೂರದ ಹುಲ್ಲುಗಾವಲಿನಲ್ಲಿ ಯಾರೋ ಅದನ್ನು ಪಳಗಿಸಿದರು. ಅಲ್ಲಿಂದ ಅದು ರಾಜರನ್ನು ಹೊತ್ತು, ದಂಡು ಹೊತ್ತು, ಕಡೆಗೆ ಮದುವೆಗಂಡುಗಳನ್ನು ಹೊತ್ತು ನಮ್ಮ ಊರತನಕ ಬಂತು. ಸರ್ಕಲ್ಲುಗಳಲ್ಲಿ ಮುಂಗಾಲೆತ್ತಿ ನಿಂತಿರುವುದೂ ಅದೇ. ಎಮ್ಮೆಯೋ ಇದೇ ದೇಶದಲ್ಲಿ ಪಳಗಿದ್ದು ಅನ್ನುತ್ತಾರೆ, ಅಂದರೆ ಮನೆಮಗಳು. ಮನೆಮಗಳಿಗೆ ಯಾರು ಮೂರ್ತಿ ನಿಲ್ಲಿಸುತ್ತಾರೆ? ಕುದುರೆಯ ಮೇಲೆ ಕೂತವನು ಎತ್ತರ ಕಾಣುತ್ತಾನೆ, ಎಮ್ಮೆಯ ಕೆಳಗೆ ಕೂತವನು ಕಾಣುವುದೇ ಇಲ್ಲ. ಇತಿಹಾಸ ಬರೆದವರೆಲ್ಲ ಕಂಡವರನ್ನಷ್ಟೇ ಬರೆದರು.

ಬಾದಾಮಿಗೆ ಬರುವ ಪ್ರವಾಸಿಗರು ಗುಹೆಗಳನ್ನು ನೋಡಿ ಬಾಯಿ ತೆರೆಯುತ್ತಾರೆ. ತೆರೆಯಲಿ, ನಮ್ಮವೇ. ಆದರೆ ಆ ರಾಜರಿಗಿಂತ ಸಾವಿರಾರು ವರ್ಷ ಮೊದಲೇ ಈ ಕೃಷ್ಣೆ-ತುಂಗಭದ್ರೆಯರ ಸೀಮೆಯಲ್ಲಿ ದನ ಕಟ್ಟಿಕೊಂಡು ಬದುಕಿದವರಿದ್ದರು. ಅವರು ಬಿಟ್ಟುಹೋದದ್ದು ಏನು ಗೊತ್ತೇ? ಬೂದಿಯ ದಿಬ್ಬಗಳು. ಸೆಗಣಿ ಗುಡ್ಡೆ ಹಾಕಿ ಸುಟ್ಟ ಬೂದಿ! ಬೇರೆಯವರ ಪೂರ್ವಿಕರು ಗೋಪುರ, ಗೋರಿ ಬಿಟ್ಟುಹೋದರು, ನಮ್ಮವರು ತಿಪ್ಪೆ ಬಿಟ್ಟುಹೋದರು. ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಎಲ್ಲರೂ ನಗುತ್ತಾರೆ. ನಗಬೇಡಿ ಮಕ್ಕಳೇ, ಎನ್ನುತ್ತೇನೆ ನಾನು. ಅಷ್ಟು ಸೆಗಣಿ ಗುಡ್ಡೆಯಾಗಬೇಕಾದರೆ ಎಷ್ಟು ದನ ಇರಬೇಕು, ಅಷ್ಟು ದನ ಬಿಟ್ಟೋಡದೆ ನಿಲ್ಲಬೇಕಾದರೆ ಅವರ ಕೈ ಎಷ್ಟು ಮೆತ್ತಗಿರಬೇಕು! ಆ ಕೈಗಳ ವಂಶದವನು ನಾನು ಎಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ, ಚಂದ್ರಿಯನ್ನು ಹಿಂಡುವ ಪ್ರಸಂಗ ಬರುವತನಕ.

ಚಂದ್ರಿ ನಮ್ಮನೆಯ ಎಮ್ಮೆ. ಪೂರ್ತಿ ಹೆಸರು ಚಂದ್ರಕಾಳಿ. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿಬೆಳೆದ ನನ್ನ ಹೆಂಡತಿ ಶಾಂತಾ ಇಟ್ಟ ಹೆಸರು. ಚಂದ್ರಕಾಳಿ ಎಂದರೆ ಮದುವಣಗಿತ್ತಿ ಉಡುವ ಕರಿಸೀರೆ. ತಾಯಿ ಸತ್ತ ಕರುವಾಗಿದ್ದ ಅವಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಶಾಂತಾ. ಹೀಗಾಗಿ ಚಂದ್ರಿ ಬೇರೆ ಯಾರಿಗೂ ಹಾಲು ಇಳಿಸುವುದಿಲ್ಲ. ಒಡಹುಟ್ಟಿದ ತಂಗಿಯ ಮದುವೆಗೆ ಸಹ ಶಾಂತಾ ಬೆಳಿಗ್ಗೆ ಹಿಂಡಿ ಇಳಕಲ್ಲಿಗೆ ಹೋಗಿ, ಸಂಜೆ ಹಿಂಡುವ ಹೊತ್ತಿಗೆ ಬಸ್ಸಿನಲ್ಲಿ ಓಡಿಬಂದವಳು.

ಅಂಥವಳಿಗೆ ಈ ವರ್ಷ ಬಾದಾಮಿಯಿಂದ ಕರೆ ಬಂತು. ಶಾಂತಾಳ ಕಸೂತಿ ಎಂದರೆ ನೋಡಬೇಕು. ಹಿಂದೆ ಮುಂದೆ ತಿರುವಿ ಹಾಕಿದರೂ ಗಂಟು ಕಾಣುವುದಿಲ್ಲ. ಅಲ್ಲಿ ಹುಡುಗಿಯರಿಗೆ ಒಂದು ವಾರ ಕಸೂತಿ ಕಲಿಸಬೇಕು, ಅಲ್ಲೇ ಇರಬೇಕು. ಆಮಂತ್ರಣ ಕೊಡಲು ಬಂದವರು ಅವಳನ್ನು "ಟೀಚರ್" ಎಂದು ಕರೆದರು. ಅವಳ ಮುಖ ಒಂದು ಗಳಿಗೆ ಹೇಗೆ ಅರಳಿತೆಂದು ನಾನು ನೋಡಿದೆ. ಮರುಗಳಿಗೆಯೇ ಅವಳು ಕೊಟ್ಟಿಗೆಯ ಕಡೆ ತಿರುಗಿ, "ನನಗ ಆಗೂದಿಲ್ರಿ" ಎಂದುಬಿಟ್ಟಳು.

ನನಗೆ ಸಂಕಟವಾಯಿತು. "ಹೋಗು. ಮನಷ್ಯಾ ಕುದರಿನ ಪಳಗಿಸ್ಯಾನ, ನಾ ಒಂದು ಎಮ್ಮಿ ಸಂಭಾಳಸೂದಿಲ್ಲೇನು?" ಎಂದೆ.

"ನೀವು? ಚಾದಾಗಿನ ಕೆನಿ ತಗಿಯಾಕ ಬರೂದಿಲ್ಲ ನಿಮಗ!" ಎಂದಳು. ಆಮೇಲೆ ಕೊಟ್ಟಿಗೆಗೆ ಹೋಗಿ ಚಂದ್ರಿಯ ಬೆನ್ನು ಸವರಿ ಬಂದು, "ಆಕಿ ಕರು ಹಾಲು ಬಿಟ್ಟು ಮೇವಿಗೆ ಹತ್ತೇತಿ. ಈಗ ಹಾಲು ಹಿಡದಿಟ್ಲಂದ್ರ ಕೆಚ್ಚಲಕ್ಕ ಬಾವು ಬರ್ತದ, ಬತ್ತಿಹೋಗ್ತಾಳ. ಒಂದಿನ ಆಕಿ ಇಳಿಸಲಿಲ್ಲಂದ್ರ ನಾ ಸಿಕ್ಕ ಬಸ್ ಹತ್ತಿ ಬರ್ತೇನಿ. ಮೊದ್ಲ ಹೇಳಿರ್ತೇನಿ" ಎಂದು ಚೀಲ ತುಂಬಿಕೊಂಡಳು.

ಬೆಳಿಗ್ಗೆ ಹಿಂಡಿಯೇ ಅವಳು ಬಾದಾಮಿಯ ಬಸ್ಸು ಹತ್ತಿದಳು. ಸಂಜೆ ನಾನು ಲುಂಗಿ ಮೇಲೆ ಕಟ್ಟಿ ಕೊಟ್ಟಿಗೆಗೆ ಇಳಿದೆ. ಚಂದ್ರಿ ಒಮ್ಮೆ ತಿರುಗಿ ನೋಡಿದಳು, ಒಂದು ಕಾಲು ಎತ್ತಿದಳು, ಚೆಂಬು ಗೋಡೆಯ ಹತ್ತಿರ ಹೋಗಿ ಬಿತ್ತು. ಗೋಡೆಯಾಚೆ ಇರುವ ಸಂಗಪ್ಪ ಬಸ್ ಕಂಡಕ್ಟರ್, ನನ್ನ ಬಾಲ್ಯದ ಗೆಳೆಯ. ಸಪ್ಪಳಕ್ಕೆ ತಲೆ ಹಾಕಿದ.

"ಏನಲೇ ಮಾಸ್ತರ, ಚೆಂಬು ಹಾರಸೂ ಆಟೇನು? ಸೀರಿ ಉಟಗೊಂಡು ಕೂಡ್ರಲೇ. ಆಕಿ ಶಾಂತಕ್ಕ ಅಂತ ತಿಳೀತಾಳ."

ಉಪಾಯ ಚಲೋ ಅನ್ನಿಸಿತು. ಮರುದಿನ ನಸುಕಿನಲ್ಲಿ ಟ್ರಂಕು ತೆಗೆದು, ಎಂಥ ಕೆಲಸಕ್ಕೆ ಎಂಥ ಸೀರೆ ಎಂಬ ಗೌರವದಿಂದ, ಇದ್ದುದರಲ್ಲೇ ಬೆಲೆಬಾಳುವ ಇಳಕಲ್ ಸೀರೆ ಉಟ್ಟೆ. ಸೆರಗನ್ನು ತಲೆಯ ಮೇಲೂ ಹೊದ್ದೆ. ಅದಕ್ಕೆ ಡಾಂಬರ ಗುಳಿಗೆಯ ವಾಸನೆ. ಚಂದ್ರಿ ಗಟ್ಟಿಯಾಗಿ ಒಂದು ಸಲ ಸೀನಿ, ನಾಟಕ ಕಂಪನಿಯ ಹೆಣ್ಣುಪಾತ್ರಧಾರಿಯನ್ನು ನೋಡುವಂತೆ ನನ್ನನ್ನು ನೋಡಿದಳು. ಹೋಗಲಿ, ಶಾಂತಾ ದಿನಾ ಉಡುವ ಹಳೆಯ ಸೀರೆ ಉಡೋಣವೆಂದು ತಂತಿಯ ಹತ್ತಿರ ಹೋದೆ. ಹೆಂಡತಿ ಬರುವುದರೊಳಗೆ ಮನೆ ಲಖಲಖ ಮಾಡಿಡಬೇಕೆಂಬ ಉಮೇದಿನಲ್ಲಿ ಹಿಂದಿನ ದಿನವೇ ನಾನು ಅದನ್ನು ಸೋಪು ಹಾಕಿ ತಿಕ್ಕಿ ತೊಳೆದಿದ್ದೆ! ಈಗ ಅದರಲ್ಲಿ ಶಾಂತಾಳ ವಾಸನೆ ಎಳ್ಳಷ್ಟೂ ಉಳಿದಿರಲಿಲ್ಲ. ಅಂಥ ಸ್ವಚ್ಛ ಸೀರೆಯನ್ನು ನಂಬಲು ಚಂದ್ರಿಗೇನು ಹುಚ್ಚೇ? ಒಂದು ಹನಿಯೂ ಬರಲಿಲ್ಲ. ಕೆಚ್ಚಲು ಮುಟ್ಟಿದರೆ ಕಲ್ಲಿನಂತೆ ಬಿಗಿದಿತ್ತು.

ಶಾಂತಾಳ ಫೋನು ಬಂತು. ಇದ್ದದ್ದು ಇದ್ದಂತೆ ಹೇಳಿದೆ.

"ನಂಗೊತ್ತಿತ್ತು" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹುಡುಗ್ಯಾರು ಭಾಳ ಶಾಣ್ಯಾ ಅದಾರ್ರಿ. ಇವತ್ತ ಗೋಪುರದ ಹೊಲಿಗಿ ಸುರು ಮಾಡಿಸೇನಿ... ಇರಲಿ. ಸಂಜಿ ಬಸ್ಸಿಗೆ ಬರ್ತೇನಿ."

"ಸಂಜಿ ಒಂದು ಹೊತ್ತು ತಡಿ. ಆಮ್ಯಾಲೆ ಬಸ್ ಹತ್ತು" ಎಂದು ಕೈ ಮುಗಿಯುವುದೊಂದು ಬಾಕಿ ಇಟ್ಟು ಕೇಳಿಕೊಂಡೆ.

ಸಂಜೆ ಸೀರೆ ಇಲ್ಲ, ಸೋಗು ಇಲ್ಲ, ಬನಿಯನ್-ಲುಂಗಿಯಲ್ಲೇ ಹೋದೆ. ಹತ್ತಿರ ಹೋಗಲು ಧೈರ್ಯವಾಗದೆ ಒಂದು ಬುಟ್ಟಿ ಬೋರಲು ಹಾಕಿ ದೂರ ಕೂತೆ. ಅವಳು ನನ್ನನ್ನು ನೋಡುತ್ತಾಳೆ, ನಾನು ಅವಳನ್ನು ನೋಡುತ್ತೇನೆ. ಎಷ್ಟು ಹೊತ್ತು ಹೀಗೆ? ಮಾಸ್ತರನ ಬಾಯಿ ಸುಮ್ಮನಿರುವುದು ಕಲಿತಿಲ್ಲ. ಎದುರಿಗೆ ಯಾರಾದರೂ ಇದ್ದರೆ ತಾನಾಗಿ ಪಾಠ ಹೊರಡುತ್ತದೆ. "ಆದಿಮಾನವನು ಮೊದಲು ಬೇಟೆಯಾಡಿ ಬದುಕುತ್ತಿದ್ದನು" ಎಂದು ಸುರು ಮಾಡಿದೆ. ಚಂದ್ರಿಯ ಒಂದು ಕಿವಿ ನನ್ನ ಕಡೆ ತಿರುಗಿತು. ನಾಯಿಯ ಹೊತ್ತಿಗೆ ಇನ್ನೊಂದು ಕಿವಿ ತಿರುಗಿತು. ಕುರಿಯ ಹೊತ್ತಿಗೆ ಮೆಲುಕು ಹಾಕತೊಡಗಿದಳು. ಬುಟ್ಟಿಯನ್ನು ಮೆಲ್ಲನೆ ಮುಂದೆ ಸರಿಸುತ್ತ ನಾನು ಆಕಳನ್ನು ಪಳಗಿಸಿದೆ. ಕೈ ಕೆಚ್ಚಲಿಗೆ ಹೋಯಿತು, ಕಾಲು ಏಳಲಿಲ್ಲ. ಕುದುರೆಯನ್ನು ಹುಲ್ಲುಗಾವಲಿನಿಂದ ಹಿಡಿದು ತರುವಷ್ಟರಲ್ಲಿ ಚೆಂಬಿನ ತಳಕ್ಕೆ ಚುರ್ರೆಂದು ಮೊದಲ ಧಾರೆ ಬಿತ್ತು!

ಚೆಂಬಿನೊಳಗೆ ಇಣುಕುವ ಭರದಲ್ಲಿ ನನ್ನ ಮಾತು ನಿಂತಿತು. ಕೂಡಲೇ ಹಾಲೂ ನಿಂತಿತು. ಗೋಡೆಯ ಮೇಲಿಂದ ಸಂಗಪ್ಪ ಪಿಸುಗುಟ್ಟಿದ, "ಲೇ, ಪಾಠ ನಿಲ್ಲಸಬ್ಯಾಡಲೇ, ಮುಂದ ಹೇಳು!" ಮುಂದೆ ಹೇಳಿದೆ. ಕುದುರೆ ಮುಗಿಯಿತು, ಒಂಟೆ ಮುಗಿಯಿತು, ಪುಸ್ತಕದಲ್ಲಿಲ್ಲದ ಎಮ್ಮೆಯ ಪಾಠವನ್ನೂ ನಾನೇ ಹುಟ್ಟಿಸಿ ಹೇಳಿದೆ. ಸಂಗಪ್ಪನ ಕೈಯಲ್ಲಿ ಫೋನು ಹಚ್ಚಿಸಿ, ಚೆಂಬಿನ ಹತ್ತಿರ ಹಿಡಿಸಿದೆ. ಅತ್ತ ಬಾದಾಮಿಯಲ್ಲಿ ಶಾಂತಾ ನೊರೆಹಾಲಿನ ಸಪ್ಪಳ ಕೇಳಿದಳು.

"ಖರೇನ ಇದು?" ಎಂದಳು.

"ಖರೆ. ನೀ ಬರಬ್ಯಾಡ. ನೀ ನಿನ್ನ ಕ್ಲಾಸ್ ತಗೋ, ನಾ ನನ್ನ ಕ್ಲಾಸ್ ತಗೋತೇನಿ."

ಆ ವಾರ ನಾನು ಊರಲ್ಲಿ ಓಡಾಡಿದ ಗತ್ತು ನೀವು ನೋಡಬೇಕಿತ್ತು. ಹೆಂಡತಿ ಬಾದಾಮಿಯಲ್ಲಿ ಟೀಚರ್, ನಾನು ಹಾಲು ಹಿಂಡುವ ಇತಿಹಾಸಕಾರ. ಯಾವ ರಾಜನಿಗಿತ್ತು ಇಂಥ ಮನೆತನ? ಹೊಸ ಸಿದ್ಧಾಂತವೊಂದನ್ನೂ ಕಟ್ಟಿದೆ. ಪ್ರಾಣಿಗಳನ್ನು ಮೊದಲು ಪಳಗಿಸಿದವನು ಹಗ್ಗ ಬೀಸಿದ ಬೇಟೆಗಾರನಲ್ಲ. ಗುಹೆಯಲ್ಲಿ ಯಾರೋ ಒಬ್ಬ ಬಾಯಿಬಡುಕನಿದ್ದಿರಬೇಕು. ಅವನು ಬಾಯಿ ತೆರೆದರೆ ಮನೆಮಂದಿಯೆಲ್ಲ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಪಾಪ, ಅವನು ಹೊರಗೆ ಬಂದು, ಮೇಯುತ್ತಿದ್ದ ಪ್ರಾಣಿಯೊಂದರ ಹತ್ತಿರ ಕೂತು ತನ್ನ ಸುಖದುಃಖ ಹೇಳಿಕೊಂಡ. ಅದು ಎದ್ದುಹೋಗದೆ ಕೇಳಿತು. ಮರುದಿನವೂ ಕೇಳಲು ಬಂತು. ನಮ್ಮ ಬೂದಿದಿಬ್ಬದವರು ಮಾತಿನ ಮಲ್ಲರೇ ಆಗಿದ್ದಿರಬೇಕು. ಈಗಲೂ ಈ ಸೀಮೆಯ ಕಟ್ಟೆಗಳ ಮೇಲೆ ಕೂತವರನ್ನು ನೋಡಿ, ನನ್ನ ಮಾತು ಸುಳ್ಳಲ್ಲವೆಂದು ಗೊತ್ತಾಗುತ್ತದೆ.

ವಾರ ಮುಗಿಸಿ ಶಾಂತಾ ಬಂದಳು. ಬಸ್ಸು ಅಮೀನಗಡದಲ್ಲಿ ನಿಂತಾಗ ಇಳಿದು ಕರದಂಟು ತಂದಿದ್ದಳು, ಅದರಲ್ಲಿ ಚಂದ್ರಿಯ ಪಾಲನ್ನು ಮೊದಲು ಮುರಿದು ಕೊಟ್ಟಳು. ಚಂದ್ರಿ ಅವಳ ಕೈ ನೆಕ್ಕಿದಳು, ಹೆಗಲಿಗೆ ಮೂತಿ ತಿಕ್ಕಿದಳು. ಆದರೆ ಶಾಂತಾ ಹಿಂಡಲು ಕೂತರೆ ಹಾಲು ಇಳಿಸದೆ ಬಾಗಿಲ ಕಡೆ ಕಿವಿ ನೆಟ್ಟು ನಿಂತಳು. ನಾನು ಒಳಗೆ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಶಾಂತಾಳಿಗೆ ನೋವಾಯಿತೇ? ಇಲ್ಲ, ಕೊಟ್ಟಿಗೆಯಿಂದ ಅವಳ ನಗು ಕೇಳಿಸಿತು. "ಬರ್ರೀ ಮಾಸ್ತರ, ನಿಮ್ಮ ವಿದ್ಯಾರ್ಥಿ ಕಾಯಾಕ ಹತ್ಯಾಳ. ಕುದರಿ ಎಲ್ಲಿಗೆ ಬಂತು, ಮುಂದ ಹೇಳ್ರಿ!"

ಹೇಳಿದೆ. ಅವಳು ಹಿಂಡಿದಳು. ಆಮೇಲೆ ಕೈ ಒರೆಸಿಕೊಂಡು ಚೀಲದಿಂದ ದಾಳಿಂಬೆ ಬಣ್ಣದ ಒಂದು ಬಟ್ಟೆ ತೆಗೆದಳು. ಕಸೂತಿಯಲ್ಲಿ ಆನೆ ಇರುತ್ತದೆ, ಬಸವಣ್ಣ ಇರುತ್ತದೆ, ಗಿಳಿ, ನವಿಲು, ಜಿಂಕೆ ಇರುತ್ತವೆ. ಎಮ್ಮೆಯನ್ನು ನಾನು ಎಂದೂ ಕಂಡಿರಲಿಲ್ಲ. ಇದರಲ್ಲಿ ಕಪ್ಪು ನೂಲಿನಲ್ಲಿ, ಕೋಡು ಬಾಗಿಸಿಕೊಂಡು, ಗರ್ವದಿಂದ ನಿಂತಿದ್ದಳು ಚಂದ್ರಿ. "ಹುಡುಗ್ಯಾರಿಗೆಲ್ಲಾ ಇದನ್ನ ಕಲಿಸಿ ಬಂದೇನಿ. ಇನ್ನ ಮುಂದ ಎಲ್ಲಾ ಸೆರಗಿನ್ಯಾಗೂ ಎಮ್ಮಿ ಬರ್ತಾವ" ಎಂದಳು ಶಾಂತಾ ಟೀಚರ್.

ನಾನು ಕನ್ನಡಕ ಏರಿಸಿ ಮತ್ತೆ ನೋಡಿದೆ. ಕೆಚ್ಚಲಿನ ಪಕ್ಕದಲ್ಲಿ, ಕೆಳಗೆ, ಪುಟ್ಟದೊಂದು ಹೊಲಿಗೆ ಮುದುಡಿಕೊಂಡು ಕೂತಿತ್ತು.

"ಇದೇನು, ಚೆಂಬೇನು?"

"ಅಯ್ಯ, ನೀವಲ್ಲೇನ್ರಿ! ನೋಡ್ರಿ, ಬಾಯಿ ತಗದೀರಿ."