ಹರಳು ಹಿಡಿದ ಯಮನೂರಪ್ಪ

ಬಾಂದುಕಲ್ಲಿನ ಹತ್ತಿರ ಬಂದರೆ ಯಮನೂರಪ್ಪ ಮೊದಲು ಚಪ್ಪಲಿ ಬಿಡುತ್ತಿದ್ದರು. ಎರಡು ಹೊಲಗಳ ಗಡಿಗೆ ನೆಟ್ಟ ಆ ಕಲ್ಲು ಮುಳ್ಳುಕಂಟಿಯ ನಡುವೆ ಇರಲಿ, ಮಧ್ಯಾಹ್ನದ ಬಿಸಿಲಿಗೆ ಕಾದ ಗರಸು ನೆಲದಲ್ಲಿರಲಿ, ಚಪ್ಪಲಿ ಎರಡು ಮಾರು ದೂರದಲ್ಲೇ ಉಳಿಯುತ್ತಿದ್ದವು. ಬರಿಗಾಲಲ್ಲಿ ಹೋಗಿ, ಕಲ್ಲಿನ ತಲೆಯ ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿ, ಆಮೇಲೆ ಅಳತೆಯ ಕೋಲನ್ನು ಅದರ ಮೇಲೆ ನಿಲ್ಲಿಸುತ್ತಿದ್ದರು.

"ಕಾಲು ಸುಡಂಗಿಲ್ಲೇನು ಕಾಕಾ?" ಎಂದು ಮೊದಲ ದಿನವೇ ಕೇಳಿದ್ದೆ.

"ಸುಡತಾವ್ರಿ ಮೇಡಮ್ಮಾರ. ಆದ್ರ ಎರಡು ಮನಿ ಅನ್ನ ಈ ಕಲ್ಲಿನ ಮ್ಯಾಲ ನಿಂತಿರತೈತಿ. ಕೆರವು ಹಾಕ್ಕೊಂಡು ಹೆಂಗ ಮುಟ್ಟಲಿ?"

ಅವರು ಬೇವೂರಿನವರು. ಭೂಮಾಪನ ಕಚೇರಿಯಲ್ಲಿ ಬಾಂದು ಜವಾನರಾಗಿದ್ದವರು; ಎಂದರೆ ಸರಪಳಿ ಹಿಡಿದು ಅಳೆಯುವ, ಕಲ್ಲು ಹುಡುಕಿ ತೋರಿಸುವ, ಬಿದ್ದ ಕಲ್ಲನ್ನು ಮತ್ತೆ ನೆಡುವ ಕೆಲಸ. ನಿವೃತ್ತರಾದ ಮೇಲೂ ಮನೆಯಲ್ಲಿ ಕೂರಲಿಲ್ಲ. ನಾನು ಕುಷ್ಟಗಿಯವಳು, ಪರವಾನಗಿ ಪಡೆದ ಭೂಮಾಪಕಿ. ಹೊಸ ಕಾಲುವೆಯೊಂದರ ದಾರಿಯನ್ನು ಅಳೆಯುವ ಕೆಲಸ ನನಗೆ ಸಿಕ್ಕಾಗ, ಈ ಭಾಗದ ಕಲ್ಲುಗಳ ಗುರುತು ಬಲ್ಲವರು ಬೇಕೆಂದು ವಿಚಾರಿಸಿದೆ. ಎಲ್ಲರೂ ಅವರ ಹೆಸರನ್ನೇ ಹೇಳಿದರು. ಮೂರು ವರ್ಷ ನಾನು ಅಳತೆಯ ಯಂತ್ರದ ಹಿಂದೆ, ಅವರು ಯಂತ್ರದ ಮುಂದೆ, ಹೊಲದಿಂದ ಹೊಲಕ್ಕೆ ನಡೆದೆವು.

ಅವರ ಕೈಯಲ್ಲಿದ್ದ ಕೋಲಿಗೆ ಒಂದು ಗಾಜಿನ ಪ್ರಿಸಂ. ಅದನ್ನು ಅವರು ಹರಳು ಎನ್ನುತ್ತಿದ್ದರು. ಯಂತ್ರ ಬಿಟ್ಟ ಬೆಳಕು ಹರಳಿಗೆ ತಾಗಿ ವಾಪಸ್ಸು ಬಂದರೆ ದೂರ, ದಿಕ್ಕು, ಎತ್ತರ ಎಲ್ಲವೂ ತಿಳಿಯುತ್ತದೆ. ಕೋಲು ಒಂದಿಷ್ಟು ವಾಲಿದರೂ ಲೆಕ್ಕ ತಪ್ಪುತ್ತದೆ. ಯಮನೂರಪ್ಪ ಕೋಲು ಹಿಡಿದು ನಿಂತರೆ ಉಸಿರು ಬಿಗಿಹಿಡಿಯುತ್ತಿದ್ದರು. ನಾನು ಕೈ ಎತ್ತಿ "ಆಯ್ತು" ಎಂದ ಮೇಲೆಯೇ ಎದೆ ಇಳಿಯುವುದು.

ಎರಡನೆಯ ವರ್ಷ ಹೊಸ ಯಂತ್ರ ಬಂತು. ಹಳೆಯದರಲ್ಲಿ ನಾನು ಕಣ್ಣಿಟ್ಟು ಹರಳನ್ನು ಹುಡುಕಬೇಕಿತ್ತು. ಇದು ತಾನೇ ಕತ್ತು ತಿರುಗಿಸಿ ಹರಳಿನ ಬೆನ್ನು ಹತ್ತುತ್ತಿತ್ತು. ಯಮನೂರಪ್ಪ ಕೋಲು ಹಿಡಿದು ಅದರ ಸುತ್ತ ಎರಡು ಸುತ್ತು ಹಾಕಿದರು. ಅದೂ ಎರಡು ಸುತ್ತು ತಿರುಗಿತು. "ಗೂಗಿ ಐತಿ ಬಿಡ್ರಿ ಇದು" ಎಂದರು. ಅಂದಿನಿಂದ ಅದಕ್ಕೆ ಗೂಗಿ, ಎಂದರೆ ಗೂಬೆ, ಎಂಬ ಹೆಸರೇ ನಿಂತಿತು.

ಆದರೆ ಗೂಗಿಗೂ ಒಂದು ಕೊರತೆಯಿತ್ತು. ಅವರು ಮರದ ಮರೆಗೋ ಬೆಳೆದ ಜೋಳದ ಮರೆಗೋ ಹೋದರೆ ಕಂಗಾಲಾಗುತ್ತಿತ್ತು. ಒಮ್ಮೆ ಇಟಗಿಯ ರಸ್ತೆಯಲ್ಲಿ ಅವರ ಮುಂದೆ ಟ್ರ್ಯಾಕ್ಟರ್ ಹಾಯ್ದಾಗ, ಅದರ ಟ್ರಾಲಿಯ ಹಿಂದೆ ಹಚ್ಚಿದ್ದ ಹೊಳೆಯುವ ಪಟ್ಟಿಯನ್ನೇ ಹರಳೆಂದು ಹಿಡಿದು ಊರಿನ ಕಡೆ ತಿರುಗಿಬಿಟ್ಟಿತು. ಅದಕ್ಕೆಂದೇ ಕೋಲಿನ ತುದಿಗೆ ತಟ್ಟೆಯಂಥ ಒಂದು ಜಿಪಿಎಸ್ ಹಚ್ಚಿದೆವು. ಕೋಲು ಎಲ್ಲಿದೆಯೆಂದು ಉಪಗ್ರಹಗಳಿಂದ ತಿಳಿದು ಅದು ಯಂತ್ರಕ್ಕೆ ಸುದ್ದಿ ಕೊಡುತ್ತದೆ. ಯಂತ್ರ ನೇರ ಆ ಕಡೆಗೆ ತಿರುಗಿ, ಅಲ್ಲಿ ಹರಳನ್ನು ಹುಡುಕುತ್ತದೆ. ಅಳತೆ ಮಾತ್ರ ಹರಳು ಕಂಡ ಮೇಲೆಯೇ.

ನಾನು ಇದನ್ನೆಲ್ಲ ವಿವರಿಸಿದಾಗ ಅವರು ಬಹಳ ಹೊತ್ತು ಆಕಾಶ ನೋಡಿದರು. "ಅಂದ್ರ ಮ್ಯಾಲಿನವರು ಹೇಳ್ತಾರ, ಆದ್ರ ಇದು ಕಣ್ಣಾರೆ ನೋಡಿದ ಮ್ಯಾಲ ಬರಕೋತೈತಿ. ಛಲೋ ಪದ್ಧತಿ ಐತ್ರಿ. ಕಚೇರ್‍ಯಾಗಿನ ಮಂದೀಗೂ ಇದು ಇರಬೇಕಿತ್ತು."

ಮರುವರ್ಷದ ಸುಗ್ಗಿ ಮುಗಿದ ಮೇಲೆ ಮಂಗಳೂರಿನ ಕಡೆ, ನಮ್ಮ ಯಲಬುರ್ಗಾ ಸೀಮೆಯ ಮಂಗಳೂರು, ಎರೆಹೊಲಗಳಲ್ಲಿ ಅಳತೆ ನಡೆದಿತ್ತು. ಅಲ್ಲಿ ಒಂದು ಕಲ್ಲಿನ ಬಳಿ ಯಮನೂರಪ್ಪ ಚಪ್ಪಲಿ ಬಿಡಲಿಲ್ಲ. ಮಣ್ಣನ್ನೂ ಒರೆಸಲಿಲ್ಲ. ಮುಖ ಆ ಕಡೆ ಮಾಡಿ ಕೋಲು ನಿಲ್ಲಿಸಿದರು. ಆ ಒಂದು ಅಳತೆಯಲ್ಲಿ ಕೋಲು ಅಲುಗಿತು; ಮೂರು ಸಲ ತೆಗೆಯಬೇಕಾಯಿತು.

"ಯಾಕ ಕಾಕಾ, ಮರತ್ರೇನು?"

"ಮರತಿಲ್ರಿ" ಎಂದಷ್ಟೇ ಹೇಳಿ ಮುಂದಿನ ಕಲ್ಲಿಗೆ ಹೊರಟರು. ಆ ದಿನ ಬುತ್ತಿಯನ್ನೂ ಬಿಚ್ಚಲಿಲ್ಲ.

ಅದಾದ ತಿಂಗಳಿಗೆ ಗಂಗಾವತಿಯ ಹತ್ತಿರದ ಬಂಡೆಗಲ್ಲಿನ ಗುಡ್ಡದಲ್ಲಿದ್ದೆವು. ಯಂತ್ರವನ್ನು ಎತ್ತರದಲ್ಲಿ ನಿಲ್ಲಿಸಿ ನಾನು ಅದರ ಪಕ್ಕದಲ್ಲಿದ್ದೆ. ಯಮನೂರಪ್ಪ ಕೋಲು ಹೊತ್ತು ಬಂಡೆಗಳ ಮರೆಗೆ ಇಳಿದರು. ಗೂಗಿ ಅವರನ್ನು ಕಳೆದುಕೊಂಡಿತು. ನಂತರ ಕೋಲಿನ ಜಿಪಿಎಸ್ ಕೊಟ್ಟ ಸುದ್ದಿಗೆ ಕತ್ತು ತಿರುಗಿಸಿ, ಕೆಳಗೆ ಒಂದು ಕಡೆ ಬಗ್ಗಿ ನಿಂತಿತು. ಅತ್ತಿತ್ತ ಹುಡುಕಿತು, ಹರಳು ಸಿಗಲಿಲ್ಲ. ಮತ್ತೆ ಅಲ್ಲಿಗೇ ಬಂದು ನಿಂತಿತು. ಐದು ನಿಮಿಷವಾದರೂ ಅದೇ ದಿಕ್ಕು. ನಡೆಯುವ ಮನುಷ್ಯನಾದರೆ ದಿಕ್ಕು ಬದಲಾಗಬೇಕಲ್ಲ! ಕೂಗಿದೆ, ಓ ಎನ್ನಲಿಲ್ಲ. ಫೋನ್ ಎತ್ತಲಿಲ್ಲ. ದುರ್ಬೀನಿನಲ್ಲಿ ಕಣ್ಣಿಟ್ಟರೆ ಕಂಡದ್ದು ಎರಡು ಬಂಡೆ, ನಡುವೆ ಕಾರೆಕಂಟಿ.

ಜೀಪಿನ ಡ್ರೈವರ್ ಮತ್ತು ನಾನು ಯಂತ್ರ ನೋಡುತ್ತಿದ್ದ ದಿಕ್ಕನ್ನೇ ಹಿಡಿದು ಓಡಿದೆವು. ಕಂಟಿಯ ಕೆಳಗೆ ಆಳವಾದ ಸಂದು. ಅದರೊಳಗೆ ಯಮನೂರಪ್ಪ ಬಿದ್ದಿದ್ದರು. ತೊಡೆಯ ಎಲುಬು ಮುರಿದು, ಹಣೆ ಒಡೆದು, ಕೂಗಲೂ ತ್ರಾಣವಿರಲಿಲ್ಲ. ದಾರಿಯಿಂದ ನೋಡಿದರೆ ಯಾರಿಗೂ ಕಾಣುವ ಜಾಗವಲ್ಲ ಅದು. ಹಗ್ಗ ಕಟ್ಟಿ ಮೇಲೆತ್ತುವಾಗ ಒಂದೇ ಮಾತು ಕೇಳಿದರು: "ನಾ ಇಲ್ಲಿ ಅದೀನಂತ ಹೆಂಗ ಗೊತ್ತಾತು?"

"ಗೂಗಿ ಈ ಕಡೆನ ನೋಡ್ಕೋತ ನಿಂತಿತ್ತು ಕಾಕಾ."

ಕೊಪ್ಪಳದ ಆಸ್ಪತ್ರೆಯಲ್ಲಿ, ಕಾಲಿಗೆ ರಾಡು ಹಾಕಿದ ನಾಲ್ಕನೆಯ ದಿನ, ಅವರು ನನ್ನನ್ನು ಹತ್ತಿರ ಕರೆದರು. ಅಲ್ಲಿಯತನಕ ಮೇಡಮ್ಮಾರ ಎನ್ನುತ್ತಿದ್ದವರು ಅಂದು ಯವ್ವಾ ಎಂದರು.

"ಯವ್ವಾ, ಆ ಸಂದ್ಯಾಗ ಬಿದ್ದಾಗ ನನ್ನ ಯಾರೂ ನೋಡಿಲ್ಲ ಅಂತ ತಿಳಕೊಂಡಿದ್ದೆ. ಮಂಗಳೂರ ಹೊಲದಾಗ ಆ ಕಲ್ಲು ಸರಸಿದಾಗನೂ ಹಂಗ ತಿಳಕೊಂಡಿದ್ದೆ."

ಆಗ ಅವರು ನೌಕರಿಗೆ ಸೇರಿದ ಹೊಸತು. ಹೊಲದ ಯಜಮಾನ ಸತ್ತಿದ್ದ. ಅವನ ಹೆಂಡತಿ ಹುಲಿಗೆವ್ವನಿಗೂ ಮೈದುನನಿಗೂ ಹೊಲ ಭಾಗವಾಗುವಾಗ, ಅಳೆಯಲು ಬಂದ ಸಾಹೇಬರು ಮೈದುನನ ಮನೆಯಲ್ಲಿ ಉಂಡಿದ್ದರು. ಉಂಡು ಎದ್ದವರು, ಕಲ್ಲನ್ನು ಹುಲಿಗೆವ್ವನ ಪಾಲಿನ ಹನ್ನೆರಡು ಹೆಜ್ಜೆ ಒಳಗೆ ನೆಡು ಎಂದರು. "ಕಲ್ಲು ಕೀಳಾಕ ಹಾರಿ ಹಿಡದಾವ ನಾನ. ಕುಣಿ ತೋಡಿದಾವ ನಾನ. ನೌಕರಿ ಹೋದೀತು ಅಂತ ಅಂಜಿದೆ. ನಿನ್ನ ಯಂತ್ರ ಕಲ್ಲು ಎಲ್ಲೈತಿ ಅಂತ ಕೂದಲೆಳಿ ತಪ್ಪದಂಗ ಹೇಳತೈತಿ. ಎಲ್ಲಿರಬೇಕಿತ್ತು ಅನ್ನೋದು ನಾ ಹೇಳಬೇಕು. ನಾ ಸತ್ತರ ಹೇಳಾವ್ರು ಯಾರೂ ಇಲ್ಲ."

ನನಗೆ ಸಿಟ್ಟು ಬಂತು, ಸುಳ್ಳೇಕೆ. ಮೂರು ವರ್ಷ ಇವರ ಬರಿಗಾಲನ್ನು ನೋಡಿ ಮನಸ್ಸಿನಲ್ಲೇ ಕೈಮುಗಿದವಳು ನಾನು. ಎದ್ದು ಬಂದೆ. ಎರಡು ದಿನ ಆಸ್ಪತ್ರೆಗೆ ಹೋಗಲಿಲ್ಲ. ಮೂರನೆಯ ದಿನ ಹೋಗಿ, "ಆಕಿ ಮುಂದ ನೀವ ಹೇಳ್ತೀರೇನು?" ಎಂದು ಕೇಳಿದೆ. "ಅದಕ್ಕ ಬದುಕಿನಿ ಅನಸತೈತಿ" ಎಂದರು.

ಕೋಲೂರಿ ನಡೆಯುವಂತಾದ ಕೂಡಲೇ ಹುಲಿಗೆವ್ವನ ಮನೆಗೆ ಹೋದೆವು. ಅರವತ್ತು ದಾಟಿದ, ಗಟ್ಟಿ ಧ್ವನಿಯ ಹೆಂಗಸು. ಯಮನೂರಪ್ಪ ಕಟ್ಟೆಯ ಮೇಲೆ ಕೂರಲಿಲ್ಲ. ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದರು. ಆಕೆ ಕೇಳಿಸಿಕೊಂಡಳು.

"ಇಷ್ಟು ವರ್ಷ ಆ ಹನ್ನೆರಡು ಹೆಜ್ಜ್ಯಾಗ ನಾ ಏನೇನು ಬಿತ್ತತಿದ್ದೆ, ಹೇಳಪಾ?"

"ಹೇಳಾಕ ಬರಂಗಿಲ್ಲವ್ವಾ."

"ಕಲ್ಲು ಸರಸ್ಯಾರ ಅಂತ ಅವತ್ತ ಅಂದೆ. ಗಂಡನ್ನ ಕಳಕೊಂಡು ತಲಿ ಕೆಟ್ಟೈತಿ ಅಂದ್ರು. ನೀನೂ ಅಲ್ಲೇ ನಿಂತಿದ್ದಿ."

ಆಕೆ ಕ್ಷಮಿಸಿದೆ ಎನ್ನಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು.

ಆದರೆ ಗಡಿ ಗುರುತಿಸಿಕೊಡಿ ಎಂದು ಅರ್ಜಿ ಹಾಕಿದಳು. ಯಮನೂರಪ್ಪ ಕಚೇರಿಯಲ್ಲಿ ಬರೆದು ಸಹಿ ಮಾಡಿದರು. ಮೈದುನನ ಮಕ್ಕಳು ಅವರ ಮೇಲೆ ಹರಿಹಾಯ್ದರು. ಊರವರು "ಸಾಯೂ ಕಾಲಕ್ಕ ಇವಗ ಯಾಕ ಬೇಕಿತ್ತು" ಎಂದರು. ಮೂಲ ನಕ್ಷೆ ಅವರ ಮಾತಿಗೇ ತಾಳೆಯಾಯಿತು. ಕಲ್ಲನ್ನು ಕಿತ್ತು ಸರಿಯಾದ ಜಾಗದಲ್ಲಿ ನೆಡುವ ದಿನ ಹರಳಿನ ಕೋಲನ್ನು ಅವರೇ ಹಿಡಿದರು. ಒಂದು ಕಾಲ ಮೇಲೆ ಭಾರ ಹಾಕಿ, ಬೆವರು ಇಳಿಯುತ್ತಿದ್ದರೂ ಅಲುಗದೆ ನಿಂತರು. ನಾನು ಅವರನ್ನು ಹೊಲದಲ್ಲಿ ಕಂಡದ್ದು ಅದೇ ಕೊನೆ.

ಮುಂದಿನ ಮುಂಗಾರಿಗೆ ಮೊದಲೇ ಅವರು ತೀರಿಕೊಂಡರು. ಮಣ್ಣು ಕೊಡಲೆಂದು ಬೇವೂರಿಗೆ ಹೋದೆ. ಮನೆಯ ಮುಂದೆ ಕೂತ ಹೆಂಗಸರಿಂದ ತುಸು ದೂರದಲ್ಲಿ ಹುಲಿಗೆವ್ವ ಒಬ್ಬಳೇ ಕೂತಿದ್ದಳು. ಬೆಳಗಿನ ಬಸ್ಸಿಗೆ ಬಂದಿದ್ದಳಂತೆ. ಅವರ ಮನೆಯವರಿಗೆ ಆಕೆ ಯಾರೆಂದೂ ಗೊತ್ತಿರಲಿಲ್ಲ.

"ನೀವು ಬರ್ತೀರಂತ ತಿಳಿದಿದ್ದಿಲ್ಲ" ಎಂದೆ.

"ನಾನೂ ತಿಳಿದಿದ್ದಿಲ್ಲವ್ವಾ" ಎಂದಳು. "ತಪ್ಪು ಮಾಡಿದಾವ್ರು ಭಾಳ ಮಂದಿ ಆಗಿಹೋದ್ರು. ಮನಿತನಕ ಬಂದು ಹೇಳಿದಾವ ಇವ ಒಬ್ಬ" ಎಂದಳು.

ಕುಣಿಯ ಹತ್ತಿರ ಎಲ್ಲರ ಸರದಿ ಮುಗಿದ ಮೇಲೆ ಆಕೆ ಮುಂದೆ ಬಂದಳು. ಎಲ್ಲರಂತೆ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು. ಹೊರಡುವಳೆಂದುಕೊಂಡೆ. ಮತ್ತೊಮ್ಮೆ ಬಗ್ಗಿ ಇನ್ನೊಂದು ಹಿಡಿ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಬಸ್ಸಿನ ದಾರಿ ಹಿಡಿದಳು.